ರೆಂಡರ್ ಆದಮೇಲೆ

ಕನಕಪುರ ರಸ್ತೆಯ ಆ ಸೈಟಿನಲ್ಲಿ ಇನ್ನೂ ಪಾಯ ತೋಡಿಲ್ಲ. ಜಯನಗರದ ಈ ಪುಟ್ಟ ಆಫೀಸಿನ ಮಾನಿಟರಿನಲ್ಲಿ ಮಾತ್ರ ನಾಲ್ಕಂತಸ್ತಿನ ಕಟ್ಟಡ ಗೃಹಪ್ರವೇಶಕ್ಕೆ ಸಿದ್ಧವಾಗಿ ನಿಂತಿದೆ. ಕಂಪ್ಯೂಟರಿನ ಮಾದರಿಯನ್ನು ಫೋಟೋದಂಥ ಚಿತ್ರವಾಗಿಸುವ ರೆಂಡರ್ ರಾತ್ರಿಯೆಲ್ಲ ಓಡಿ ಬೆಳಿಗ್ಗೆ ಮುಗಿದಿದೆ. ಕುರ್ಚಿ ಎಳೆದುಕೊಂಡು ಕೂತ ಹುಡುಗಿ ಒಂದು ಗಳಿಗೆ ದಿಟ್ಟಿಸಿ, "ಯಾಕೋ ಜೀವ ಇಲ್ಲ ಸಾರ್" ಅಂದಳು.

ಲೆಕ್ಕದಲ್ಲೇನೂ ತಪ್ಪಿಲ್ಲ. ಬಿಸಿಲು ಬೀಳಬೇಕಾದ ಕಡೆ ಬಿದ್ದಿದೆ, ಗಾಜಿನಲ್ಲಿ ಮೋಡ ಕಾಣುತ್ತಿದೆ. ಆದರೆ ಪ್ಯಾರಾಪೆಟ್ಟಿನ ಅಂಚು ಆಕಾಶವನ್ನು ಗೀರುವಷ್ಟು ಚೂಪು. ಹಿಂದಿನ ಬೀದಿಯ ಹೊಂಗೆಯ ಒಂದೊಂದು ಎಲೆಯೂ ಮುಂದಿನ ಗೇಟಿನಷ್ಟೇ ಸ್ಪಷ್ಟ. ಪೋರ್ಟಿಕೋ ಕೆಳಗಿನ ನೆರಳು ಅಚ್ಚ ಕಪ್ಪು. ನಮ್ಮ ಕಣ್ಣು ಹೀಗೆ ನೋಡುವುದಿಲ್ಲ. ನಡುವೆ ಗಾಳಿಯಿದೆ, ಅದರಲ್ಲಿ ದೂಳಿದೆ, ತೇವವಿದೆ. ಯಂತ್ರ ಬಿಟ್ಟುಬಿಟ್ಟ ಆ ಗಾಳಿಯನ್ನು ಈಗ ಫೋಟೋಶಾಪಿನಲ್ಲಿ ತುಂಬಬೇಕು.

ಅವಳು ಲೇಯರಿನ ನಕಲು ತೆಗೆದು ಅದಕ್ಕೆ ಗಾಸಿಯನ್ ಬ್ಲರ್ ಕೊಟ್ಟಳು. ಕನ್ನಡಕ ಕಳಚಿಟ್ಟಾಗ ಕಾಣುವ ಹಾಗೆ ಕಟ್ಟಡವೆಲ್ಲ ಕರಗಿತು. ಆ ಮಬ್ಬು ಲೇಯರನ್ನು 'ಸ್ಕ್ರೀನ್'ಗೆ ಹಾಕಿ ಒಪಾಸಿಟಿಯನ್ನು 20ಕ್ಕೆ ಇಳಿಸಿದ್ದೇ ಗೆರೆಗಳು ಮತ್ತೆ ಎದ್ದವು. ಕಿಟಕಿಗಳ ಸುತ್ತ ಮಾತ್ರ ಬೆಳಕು ತುಸು ಹರಡಿಕೊಂಡಿತು. ಉಪಾಯ ಹೊಸದೇನಲ್ಲ. ಕೆನಡಾದ ಛಾಯಾಗ್ರಾಹಕ ಮೈಕೆಲ್ ಆರ್ಟನ್ 1980ರ ದಶಕದಲ್ಲೇ ಒಂದು ಸ್ಪಷ್ಟ ಸ್ಲೈಡು, ಒಂದು ಫೋಕಸ್ ತಪ್ಪಿದ ಸ್ಲೈಡು ಜೋಡಿಸಿ ಇದೇ ಬೆಳಕು ತರಿಸಿದ್ದ.

ಆಮೇಲೆ ಝಡ್-ಡೆಪ್ತ್. ದೂರ ಹತ್ತಿರದ ಲೆಕ್ಕವನ್ನು ಕಪ್ಪು ಬಿಳುಪಿನಲ್ಲಿ ಹೇಳುವ ಚಿತ್ರವಿದು, ರೆಂಡರಿನ ಜೊತೆಗೇ ಬರುತ್ತದೆ. ಅದನ್ನೇ ಮಾಸ್ಕ್ ಮಾಡಿ ತೆಳುವಾದ ಬೂದುನೀಲಿ ಹರಿಸಿದಾಗ ಹೊಂಗೆ ಮರ ಹಿಂದಕ್ಕೆ ಸರಿದು ತನ್ನ ಜಾಗದಲ್ಲಿ ನಿಂತಿತು. ಕರ್ವ್ಸ್‌ನಲ್ಲಿ ಕಪ್ಪಿನ ತುದಿಯನ್ನು ಎತ್ತಿದಳು, ಪೋರ್ಟಿಕೋದ ಮೆಟ್ಟಿಲು ಕಂಡವು. ಕೊನೆಗೆ ಕಂಡೂ ಕಾಣದಷ್ಟು ಗ್ರೇನ್. ಇಲ್ಲೇ ಕೈ ತಡೆಯಬೇಕು. ಹದ ಮೀರಿದರೆ ಬೆಂಗಳೂರಿನ ಕಟ್ಟಡ ಡಿಸೆಂಬರಿನ ಮಡಿಕೇರಿಗೆ ಹೋಗಿ ನಿಲ್ಲುತ್ತದೆ!

ಗೇಟಿನ ಬಳಿ, ಯಾವುದೋ ವಿದೇಶಿ ಸಂಗ್ರಹದಿಂದ ಬಂದ ಉಣ್ಣೆಕೋಟಿನ ದಂಪತಿ ಅಡ್ಡಾಡುತ್ತಿದ್ದರು. ಅವರನ್ನು ಅಳಿಸಿ, ಸೀರೆಯುಟ್ಟ ಒಬ್ಬ ಅಜ್ಜಿಯನ್ನು ಮೊಮ್ಮಗನ ಜೊತೆ ನಿಲ್ಲಿಸಿದಳು. ಚಿತ್ರಕ್ಕೆ ಜೀವ ಬಂದದ್ದು ಬ್ಲರಿನಿಂದಲೋ ಈ ಅಜ್ಜಿಯಿಂದಲೋ, ನನಗಂತೂ ಅಜ್ಜಿಯ ಮೇಲೇ ಅನುಮಾನ.

ಅಷ್ಟರಲ್ಲಿ ಬಿಲ್ಡರ್ ಫೋನು: "ಎದುರಿಗೆ ಟ್ರಾನ್ಸ್‌ಫಾರ್ಮರ್ ಇದೆಯಲ್ಲ, ಅದನ್ನ ತೆಗೆದುಬಿಡಮ್ಮ." ರಸ್ತೆಯ ಆ ಭಾಗ ಸೈಟಿನದೇ ಫೋಟೋ, ಟ್ರಾನ್ಸ್‌ಫಾರ್ಮರ್ ಅಲ್ಲಿ ನಿಜವಾಗಿಯೂ ಇದೆ. ಮೌಸಿನ ನಾಲ್ಕು ಎಳೆತಕ್ಕೆ ಅದು ಮಾಯವಾಯಿತು, ತಂತಿಗಳೂ ಹೋದವು. ಅಂಚನ್ನು ಮೆದುಗೊಳಿಸುವುದು ಕಲೆ, ಒಪ್ಪೋಣ. ಇದು ಕಣ್ಣಿಗೆ ಮಣ್ಣೆರಚುವುದು.

ಮನೆ ಕೊಳ್ಳಹೊರಟವರು ಬ್ರೋಷರಿನ ಬೆಳಕಿಗೆ ಮರುಳಾಗುವ ಮೊದಲು ಒಮ್ಮೆ ಸೈಟಿನ ಮುಂದೆ ನಿಂತು ಬನ್ನಿ. ಬ್ರೋಷರನ್ನೂ ಎಸೆಯಬೇಡಿ. ಜಾಹೀರಾತಿನ ಸುಳ್ಳು ವಿವರ ನಂಬಿ ಮುಂಗಡ ಕೊಟ್ಟು ನಷ್ಟವಾದರೆ, 2016ರ ರಿಯಲ್ ಎಸ್ಟೇಟ್ (ರೇರಾ) ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಿಲ್ಡರ್ ಪರಿಹಾರ ಕೊಡಬೇಕು.