ಉಣ್ಣಲಾರದ ಹರೆಯ

1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಯುವಕರ ಮೇಲೆ ಒಂದು ಪ್ರಯೋಗ ಶುರುಮಾಡಿದರು. ಬಂದೂಕು ಹಿಡಿಯಲೊಲ್ಲೆವು ಎಂದವರು ಅವರು. ಯುದ್ಧದಲ್ಲಿ ಹಸಿದವರಿಗೆ ನೆರವಾಗಲೆಂದು ತಾವಾಗಿಯೇ ಬಂದಿದ್ದರು. 24 ವಾರ ಅರೆಹೊಟ್ಟೆ. ಮೈ ಸೊರಗಿತು, ಸರಿ. ಮನಸ್ಸೂ ಬೇರೆಯಾಯಿತು. ಅಡುಗೆ ಪುಸ್ತಕ ಕೂಡಿಟ್ಟರು, ತಟ್ಟೆಯ ಮುಂದೆ ಹೊತ್ತುಗಟ್ಟಲೆ ಕೂತರು, ಬೇಸಿಗೆಯಲ್ಲೂ ಚಳಿ ಎಂದರು, ಗೆಳೆಯರನ್ನು ದೂರವಿಟ್ಟರು. ಸಣ್ಣಗಾಗಲೆಂದು ಬಂದವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಊಟದ ಕಾಯಿಲೆಗೆ ಸಿಕ್ಕ ಹದಿನೈದರ ಹುಡುಗಿಯೂ ಹೀಗೇ ಇರುತ್ತಾಳೆ. ತಮ್ಮನಿಗೆ ತಾನೇ ನಿಂತು ದೋಸೆ ಹುಯ್ದುಕೊಡುತ್ತಾಳೆ, ಮೊಬೈಲಿನಲ್ಲಿ ಅಡುಗೆಯ ವಿಡಿಯೋಗಳನ್ನೇ ನೋಡುತ್ತಾಳೆ, ತನ್ನ ಅನ್ನವನ್ನು ಮಾತ್ರ ತಟ್ಟೆಯಲ್ಲಿ ಅತ್ತಿತ್ತ ಸರಿಸುತ್ತಾಳೆ. ಮನೆಯವರು ಇದನ್ನು ಹಟ ಎನ್ನುತ್ತಾರೆ. ಆದರೆ ಇದರಲ್ಲಿ ಎಷ್ಟೋ ಪಾಲು ಉಪವಾಸವೇ ಮೆದುಳಿನಲ್ಲಿ ಮಾಡಿದ ಕೆಲಸ.

ಶುರುವಾಗುವುದು ಸಣ್ಣದರಿಂದ: ಒಂದು ಡಯೆಟ್, ಒಂದು ಜ್ವರ, ನೃತ್ಯದ ಕ್ಲಾಸಿನಲ್ಲಿ ಕೇಳಿದ ಒಂದು ಮಾತು. ಮೊದಲ ತಿಂಗಳು ಮದುವೆಮನೆಯಲ್ಲಿ ಸಿಕ್ಕವರೆಲ್ಲ "ಎಷ್ಟು ಸಣ್ಣ ಆಗಿದ್ದೀಯೆ!" ಎಂದು ಹೊಗಳುತ್ತಾರೆ. ಆಮೇಲೆ ಒಳಗೊಂದು ದನಿ ಏಳುತ್ತದೆ. ಗುಣವಾದವರಲ್ಲಿ ಹಲವರು ಅದನ್ನು ಬಣ್ಣಿಸುವುದು ಹೀಗೆ: ಮೊದಲು ಗೆಳತಿಯಂತೆ ಬಂದು, ಬರಬರುತ್ತಾ ಪ್ರತಿ ತುತ್ತಿಗೂ ಬಯ್ಯುವ ದನಿ. ಯಾರಾದರೂ ಕಂಡುಹಿಡಿಯಲಿ ಎಂಬ ಆಸೆ, ಕಂಡುಹಿಡಿದರೆ ತಿನ್ನಿಸುತ್ತಾರೆ ಎಂಬ ದಿಗಿಲು, ಎರಡೂ ಒಟ್ಟಿಗೇ.

ನಮ್ಮಲ್ಲಿ ಇದಕ್ಕೆ ಅಡಗುತಾಣಗಳು ಬೇಕಾದಷ್ಟಿವೆ. ಸಂಕಷ್ಟಿ, ಏಕಾದಶಿ, ಗುರುವಾರದ ಒಪ್ಪತ್ತು. ಮಗಳ ಭಕ್ತಿಗೆ ಅಡ್ಡಬರುವವರು ಯಾರು? ದಪ್ಪಗಾಗುವ ಭಯವನ್ನು ಅವಳು ಬಾಯಿಬಿಟ್ಟು ಹೇಳದಿರಬಹುದು, ಆ ಭಯ ಇಲ್ಲದೆಯೂ ಇರಬಹುದು. "ಹೊಟ್ಟೆ ಉಬ್ಬರ, ಸೇರಲ್ಲ" ಎನ್ನುತ್ತಾಳೆ. ಮನೆಯವರು ಗ್ಯಾಸಿನ ಮಾತ್ರೆ ತರುತ್ತಾರೆ.

ಊಟದ ಕಾಯಿಲೆಯ ಇನ್ನೊಂದು ರೂಪವಾದ ಬುಲಿಮಿಯಾ ಇನ್ನೂ ಗುಟ್ಟಿನದು. ಒಮ್ಮೆಲೇ ತಡೆಯಲಾಗದಂತೆ ತಿನ್ನುವುದು, ನಾಚಿಕೆಯಿಂದ ಹೊರಹಾಕುವುದು. ಹಲವರಲ್ಲಿ ತೂಕ ಸಹಜವಾಗಿಯೇ ಇರುವುದರಿಂದ ಯಾರಿಗೂ ಅನುಮಾನ ಬಾರದು. ಪದೇಪದೇ ವಾಂತಿಯಾದರೆ ರಕ್ತದ ಪೊಟ್ಯಾಶಿಯಂ ಇಳಿದು ಎದೆಬಡಿತವೇ ತಾಳ ತಪ್ಪಬಹುದು. ಹುಡುಗರಲ್ಲಿ ಕಾಯಿಲೆ ಜಿಮ್ ಮತ್ತು ಪ್ರೋಟೀನ್ ಪುಡಿಯ ವೇಷದಲ್ಲಿ ಬರುವುದುಂಟು. ಅದನ್ನು ಶಿಸ್ತು ಎಂದು ಮೆಚ್ಚುವವರೇ ಹೆಚ್ಚು.

ಎಲ್ಲಕ್ಕೂ ಇನ್‌ಸ್ಟಾಗ್ರಾಮನ್ನು ಬಯ್ದರೆ ಸಾಲದು. ಲಂಡನ್ನಿನ ವೈದ್ಯ ವಿಲಿಯಂ ಗಲ್, ಪ್ಯಾರಿಸ್ಸಿನ ವೈದ್ಯ ಲಸೇಗ್ ಉಣ್ಣಲಾರದ ಈ ಕಾಯಿಲೆಯನ್ನು ವಿವರಿಸಿದ್ದು 1873ರಲ್ಲಿ. ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಗಲ್ ಕೊಟ್ಟದ್ದು. ಅನುವಂಶೀಯತೆಯ ಪಾಲೂ ಇದೆ. ಹಾಗೆಂದು ಪರದೆ ನಿರಪರಾಧಿಯೇನಲ್ಲ: ಫಿಜಿಯ ಒಂದು ಪ್ರಾಂತ್ಯಕ್ಕೆ 1995ರಲ್ಲಿ ಟಿ.ವಿ. ಬಂತು, ತೂಕ ಇಳಿಸಲು ವಾಂತಿ ಮಾಡುತ್ತೇನೆಂದು ಆಗ ಯಾವ ಶಾಲಾ ಹುಡುಗಿಯೂ ಹೇಳಿರಲಿಲ್ಲ. ಮೂರು ವರ್ಷದ ಬಳಿಕ ಆನ್ ಬೆಕರ್ ಅವರ ಅಧ್ಯಯನದಲ್ಲಿ ಶೇ. 11ರಷ್ಟು ಹುಡುಗಿಯರು ಹೌದೆಂದರು.

ಗಲ್ ಕಾಲದ ವೈದ್ಯರು ರೋಗಿಯನ್ನು ಮನೆಯವರಿಂದ ದೂರವಿಡಲು ಹೇಳುತ್ತಿದ್ದರು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯವರು 1980ರ ದಶಕದಲ್ಲಿ ಅದನ್ನು ತಿರುವುಮುರುವು ಮಾಡಿದರು: ಉಣ್ಣಿಸುವ ಹೊಣೆ ತಂದೆತಾಯಿಗೇ. ಏನು, ಎಷ್ಟು ಎಂಬ ತೀರ್ಮಾನ ಕೆಲಕಾಲ ಅವರದು. ಮಗು ಚೇತರಿಸಿಕೊಂಡಂತೆ ಆ ತೀರ್ಮಾನವನ್ನು ಮೆಲ್ಲಗೆ ಅದಕ್ಕೇ ಹಿಂತಿರುಗಿಸುತ್ತಾರೆ. ಹರೆಯದವರ ಅನೊರೆಕ್ಸಿಯಾಕ್ಕೆ ಇವತ್ತಿಗೂ ಹೆಚ್ಚು ಪುರಾವೆಯಿರುವ ದಾರಿ ಇದೇ. ನನ್ನ ಮಟ್ಟಿಗೆ ಇದು ನಮ್ಮ ಮನೆಗಳಿಗೆ ಒಗ್ಗುವ ಚಿಕಿತ್ಸೆ, ಬಯ್ಗುಳ ಮತ್ತು ಆಣೆಪ್ರಮಾಣಗಳನ್ನು ಬಿಟ್ಟು ಕೂರಬಲ್ಲೆವಾದರೆ. ಒಂದು ಎಚ್ಚರ: ಬಹಳ ದಿನ ಬರಿಹೊಟ್ಟೆಯಲ್ಲಿದ್ದವರಿಗೆ ಒಮ್ಮೆಲೇ ಹೆಚ್ಚು ಉಣ್ಣಿಸಿದರೆ ರಕ್ತದ ಲವಣಗಳು ಕುಸಿದು ಜೀವಕ್ಕೇ ಅಪಾಯ. ಮೊದಲ ಹೆಜ್ಜೆ ವೈದ್ಯರ ಕಣ್ಗಾವಲಿನಲ್ಲೇ ಆಗಬೇಕು.

ತಲೆಸುತ್ತಿ ಬಿದ್ದರೆ, ಎದೆಬಡಿತ ನಿಧಾನವಾದರೆ ಆಸ್ಪತ್ರೆಗೆ ಒಯ್ಯಿರಿ. ಮುಟ್ಟು ನಿಂತರೂ ವೈದ್ಯರಿಗೆ ತೋರಿಸಿ. ಯಾರನ್ನು ಕೇಳುವುದೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮೂಳೆ ಕಾಣುವವರೆಗೆ ಕಾಯಬೇಡಿ.