ಭಟ್ಕಳದ ಶಾಸನಗಳ ಪ್ರಾಜೆಕ್ಟ್: ಎಲ್ಲಿ ಹುಡುಕಬೇಕು, ಏನು ಬರೆದುಕೊಳ್ಳಬೇಕು?

‘ಭಟ್ಕಳ ತಾಲೂಕಿನ ಶಾಸನಗಳು’ ಅಂತ ವಿಷಯ ಇಟ್ಟುಕೊಂಡರೆ ವಿದ್ಯಾರ್ಥಿಗಳು ಬೇಗ ಸುಸ್ತಾಗ್ತಾರೆ. ಅದರ ಬದಲು ಒಂದೇ ಪ್ರಶ್ನೆ ಹಿಡಿಯಿರಿ: 15-16ನೇ ಶತಮಾನದಲ್ಲಿ ಇಲ್ಲಿನ ಬಸದಿ, ದೇವಸ್ಥಾನಗಳಿಗೆ ದಾನ ಕೊಟ್ಟವರು ಯಾರು? ಅರಸರೇ, ಅಧಿಕಾರಿಗಳೇ, ವ್ಯಾಪಾರಿಗಳೇ? ಖೇತಪೈ ನಾರಾಯಣ ದೇವಸ್ಥಾನ, ಜಟ್ಟಪ್ಪ ನಾಯಕನ ಬಸದಿ ಎಂಬ ಹೆಸರುಗಳಲ್ಲೇ ಈ ಪ್ರಶ್ನೆ ಅಡಗಿದೆ. ಬಂದರಿನ ಹಣ ಯಾರ ಕೈಯಲ್ಲಿತ್ತು ಅನ್ನೋದು ಇದರಿಂದ ತಿಳಿಯುತ್ತೆ.

ಮೊದಲ ಎಡವಟ್ಟು ಆಗೋದು ಹುಡುಕಾಟದಲ್ಲಿ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ತೆರೆದು, ಭಟ್ಕಳ ತಾಲೂಕು ಕಾಣಲಿಲ್ಲ ಅಂತ ‘ಶಾಸನಗಳೇ ಇಲ್ಲ’ ಎಂದು ಬರೆದುಬಿಡ್ತಾರೆ. ಆ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿನವು. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಹಾಗಾಗಿ ಇಲ್ಲಿನ ಕಲ್ಲುಗಳಿಗೆ ಕೇಂದ್ರ ಶಾಸನ ಇಲಾಖೆಯ ವಾರ್ಷಿಕ ವರದಿಗಳ ಬಾಂಬೆ-ಕರ್ನಾಟಕ ಪಟ್ಟಿಗಳನ್ನೂ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಪುಟಗಳನ್ನೂ ನೋಡಬೇಕು. 1883ರ ಕೆನರಾ ಗ್ಯಾಝೆಟಿಯರ್‌ನಲ್ಲಿ ದೇವಸ್ಥಾನಗಳ ವಿವರಣೆ ಇದೆ. ಶಾಸನದ ಓದಿಗೆ ಮಾತ್ರ ನಂತರದ ಪಾಠವನ್ನು ಹೋಲಿಸಿ ನೋಡಿ.

ಹಾಗಂತ ರೈಸ್ ಸಂಪುಟಗಳನ್ನು ಪೂರ್ತಿ ಬಿಡಬೇಡಿ. ಆಳ್ವಿಕೆಗೆ ಘಟ್ಟ ಅಡ್ಡಿಯಾಗಿರಲಿಲ್ಲ. ಸಾಗರ, ನಗರ ಸೀಮೆಯ ಶಾಸನಗಳಿರುವ 8ನೇ ಸಂಪುಟದಲ್ಲಿ ಸಂಗೀತಪುರದ ಅರಸರು ಸಿಗ್ತಾರೆ. ಹುಂಚದ ವಾದಿ ವಿದ್ಯಾನಂದರ ಶಾಸನವೂ ಅದರಲ್ಲೇ ಇದೆ. ಸಂಗೀತಪುರ ಅಂದರೆ ಇಂದಿನ ಹಾಡುವಳ್ಳಿ. ಕ್ಷೇಮಪುರ ಅಂದರೆ ಗೇರುಸೊಪ್ಪೆ. ಹಳೇ ಹೆಸರು ಗೊತ್ತಿಲ್ಲದಿದ್ದರೆ ಪುಟ ಕಣ್ಣೆದುರಿಗಿದ್ದರೂ ಸಿಗಲ್ಲ.

ಎಕ್ಸೆಲ್ ಹಾಳೆಯಲ್ಲಿ ಎಂಟು ಕಾಲಂ ಸಾಕು: ಕಲ್ಲಿರುವ ಜಾಗ, ಪ್ರಕಟಣೆ-ಪುಟ, ಶಕವರ್ಷ, ಸಂವತ್ಸರ, ಅರಸ, ದಾನಿ, ದಾನ, ದಾನ ಪಡೆದವರು. ಸಂವತ್ಸರವನ್ನು ಬಿಡಬೇಡಿ, ಅದು ನಮ್ಮ ತಾಳೆ ಲೆಕ್ಕ. ಉದಾಹರಣೆಗೆ ಶಕ 1479ಕ್ಕೆ 78 ಕೂಡಿಸಿದರೆ 1557. ಚಕ್ರದಲ್ಲಿ ಆ ವರ್ಷ ಪಿಂಗಳ. ಕಲ್ಲಿನಲ್ಲಿ ಬೇರೆ ಸಂವತ್ಸರವಿದ್ದರೆ ಅಂಕಿಯ ಓದು ತಪ್ಪಿರಬಹುದು, ಅಥವಾ ಶಕವರ್ಷದ ಎಣಿಕೆಯ ಕ್ರಮ ಬೇರೆ ಇರಬಹುದು. ಪುಷ್ಯದಿಂದ ಫಾಲ್ಗುಣದೊಳಗಿನ ತಿಥಿಯಾದರೆ 79 ಕೂಡಿಸಬೇಕಾಗಬಹುದು.

ಆಮೇಲೆ ಕಲ್ಲಿನ ಹತ್ತಿರ ಹೋಗಿ. ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಫೋಟೋ ತೆಗೆದರೆ ಅಕ್ಷರ ಎದ್ದು ಕಾಣುತ್ತೆ. ಕರಾವಳಿಯ ಮಳೆಗೆ ಸವೆಯುತ್ತಿರುವ ಸಾಲುಗಳಿವು. ಅಚ್ಚಾದ ಪಾಠದಲ್ಲಿದ್ದು ಈಗ ಅಳಿಸಿಹೋದ ಅಕ್ಷರಗಳನ್ನು ತಾರೀಖಿನ ಸಮೇತ ಗುರುತು ಮಾಡಿದರೂ ಸಾಕು, ನಿಮ್ಮ ಪ್ರಾಜೆಕ್ಟ್ ಮುಂದಿನವರಿಗೆ ಆಕರವಾಗುತ್ತೆ.