ಎಲ್ಲಿ ಎಂಬ ಪ್ರಶ್ನೆ
(ಬಾನುಲಿ ಭಾಷಣ)

1854ರಲ್ಲಿ ಲಂಡನ್ ನಗರದ ಸೋಹೊ ಭಾಗದಲ್ಲಿ ಕಾಲರಾ ಹಬ್ಬಿ, ಕೆಲವೇ ವಾರಗಳಲ್ಲಿ 600ಕ್ಕೂ ಹೆಚ್ಚು ಜನ ಮಡಿದರು. ಕೆಟ್ಟ ಗಾಳಿಯೇ ಈ ರೋಗಕ್ಕೆ ಕಾರಣವೆಂದು ಅಂದಿನ ಬಹುಪಾಲು ವೈದ್ಯರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯನಿಗಾದರೋ ನೀರಿನ ಮೇಲೆ ಸಂಶಯ. 1855ರಲ್ಲಿ ಅವನು ಪ್ರಕಟಿಸಿದ ನಕ್ಷೆಯಲ್ಲಿ ಒಂದೊಂದು ಸಾವೂ ಒಂದೊಂದು ಕರಿಯ ಗೆರೆಯಾಗಿ, ಆಯಾ ಮನೆಯ ಎದುರಿಗೆ ಕುಳಿತಿದೆ. ಬೀದಿಯ ಪಂಪುಗಳೂ ಅಲ್ಲಿವೆ. ಗೆರೆಗಳು ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಒತ್ತೊತ್ತಾಗಿ ನೆರೆದಿವೆ.

ಆದರೆ ಪಂಪಿನ ಸಮೀಪದಲ್ಲೇ ಇದ್ದ, 500ಕ್ಕೂ ಹೆಚ್ಚು ಬಡವರು ವಾಸಿಸುತ್ತಿದ್ದ ಅನಾಥಾಲಯವೊಂದರಲ್ಲಿ ಸತ್ತವರು ಐವರು ಮಾತ್ರ. ದೂರದ ಹ್ಯಾಂಪ್‌ಸ್ಟೆಡ್ಡಿನಲ್ಲಿ ಒಬ್ಬ ವಿಧವೆ ಸತ್ತಳು. ಸ್ನೋ ವಿಚಾರಿಸಿ ನೋಡಿದ. ಅನಾಥಾಲಯಕ್ಕೆ ತನ್ನದೇ ಬಾವಿಯಿತ್ತು. ಆ ವಿಧವೆಗೆ ಬ್ರಾಡ್ ಸ್ಟ್ರೀಟಿನ ನೀರಿನ ರುಚಿ ಹಿಡಿಸಿದ್ದರಿಂದ, ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದಳು. ನಕ್ಷೆ ‘ಎಲ್ಲಿ’ ಎಂಬುದನ್ನು ಹೇಳಿತು; ‘ಏಕೆ’ ಎಂಬುದಕ್ಕೆ ಮನೆಮನೆಯ ಬಾಗಿಲು ತಟ್ಟಬೇಕಾಯಿತು.

ಇಂದು ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಥವಾ ಜಿಐಎಸ್, ಎಂದು ಕರೆಯುವ ಸಾಧನದ ಮೂಲತತ್ತ್ವ ಇದೇ. 1960ರ ದಶಕದಲ್ಲಿ ಕೆನಡಾದ ವಿಶಾಲ ಭೂಮಿಯ ಲೆಕ್ಕವಿಡಲು ರೋಜರ್ ಟಾಮ್ಲಿನ್‌ಸನ್ ಈ ಕೆಲಸಕ್ಕೆ ಕಂಪ್ಯೂಟರನ್ನು ಹೂಡಿದರು. ಮಣ್ಣು, ಮಳೆ, ಕಾಡು, ಊರು, ರಸ್ತೆ ಒಂದೊಂದನ್ನೂ ಬೇರೆ ಬೇರೆ ಪಾರದರ್ಶಕ ಹಾಳೆಯ ಮೇಲೆ ಬರೆದು, ಒಂದರ ಮೇಲೊಂದು ಜೋಡಿಸಿದಂತೆ ಭಾವಿಸಿರಿ. ಹಾಳೆಗಳು ಒಂದಕ್ಕೊಂದು ತಪ್ಪದೆ ಕೂಡುವಂತೆ ಅಕ್ಷಾಂಶ, ರೇಖಾಂಶಗಳು ಹಿಡಿದಿಡುತ್ತವೆ. ನದಿಯಿಂದ ಎರಡು ಮೈಲಿಯೊಳಗೆ, ಕಪ್ಪು ಮಣ್ಣಿನಲ್ಲಿರುವ ಹಳ್ಳಿಗಳು ಯಾವುವೆಂದು ಕೇಳಿದರೆ ಯಂತ್ರ ಕ್ಷಣದಲ್ಲಿ ಆಯ್ದು ಕೊಡುತ್ತದೆ.

ಇದರಿಂದ ಸಾಹಿತ್ಯ, ಚರಿತ್ರೆಗಳ ಅಭ್ಯಾಸಿಗೆ ಏನು ಪ್ರಯೋಜನ? ನಮ್ಮ ಶಾಸನಗಳನ್ನೇ ನೋಡೋಣ. ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ 1886ರಲ್ಲಿ ಹೊರಬಂತು. ಮೈಸೂರು ಸೀಮೆಯ ಶಾಸನಗಳನ್ನು ಅವರು ತಾಲ್ಲೂಕುವಾರು ಜೋಡಿಸಿ ಅಂಕಿ ಕೊಟ್ಟರು. ಕಲ್ಲಿನ ಮಾತಿನಷ್ಟೇ ಅದು ನಿಂತ ಊರಿಗೂ ಅಲ್ಲಿ ಬೆಲೆಯಿತ್ತು. ಆ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ, ಕೆರೆಗೆ ದತ್ತಿ ಬಿಟ್ಟವರ ಸುದ್ದಿ ಹೇರಳವಾಗಿದೆ. ಅಂಥ ಕಲ್ಲುಗಳದೊಂದು ಹಾಳೆ, ಇಂದು ಉಳಿದಿರುವ ಕೆರೆಗಳದೊಂದು, ಭೂವಿಜ್ಞಾನಿಯ ಶಿಲೆಗಳದೊಂದು, ಭಾಷಾವಿಜ್ಞಾನಿ ಕೂಡಿಸಿದ ‘ಕೆರೆ’, ‘ಸಂದ್ರ’, ‘ಸಮುದ್ರ’ ಎಂದು ಮುಗಿಯುವ ಊರುಹೆಸರುಗಳದು ಮತ್ತೊಂದು. ಇವನ್ನು ಕೂಡಿಸಿದರೆ, ಹೆಸರು ಮಾತ್ರ ಉಳಿದು ನೀರು ಮಾಯವಾದ ಊರುಗಳು ಕಣ್ಣಿಗೆ ಬೀಳುತ್ತವೆ. ಬೇರೆ ಬೇರೆ ಕೊಠಡಿಗಳಲ್ಲಿ ಕುಳಿತ ನಾಲ್ವರು ವಿದ್ವಾಂಸರು ಒಂದೇ ಕೆರೆಯ ದಂಡೆಯಲ್ಲಿ ಸಂಧಿಸಿದಂತಾಗುತ್ತದೆ.

ಇಲ್ಲಿ ಒಂದು ಎಚ್ಚರ ಅವಶ್ಯ. ಎಷ್ಟೋ ಶಾಸನಗಳು ಹೊಲದಿಂದ ಗುಡಿಗೆ, ಗುಡಿಯಿಂದ ವಸ್ತುಸಂಗ್ರಹಾಲಯಕ್ಕೆ ಸಾಗಿವೆ. ಈಗಿರುವ ಸ್ಥಳವನ್ನೇ ಮೂಲಸ್ಥಳವೆಂದು ದಾಖಲಿಸಿದರೆ, ಸತ್ಯವನ್ನೇ ನುಡಿಯುವ ಕಲ್ಲಿನ ಬಾಯಲ್ಲಿ ಸುಳ್ಳು ಹೇಳಿಸಿದಂತೆ. ನಕ್ಷೆಯಲ್ಲಿ ಬರಿದಾಗಿ ಕಾಣುವ ಜಾಗದಲ್ಲಿ ಶಾಸನವೇ ಇರಲಿಲ್ಲವೋ, ಅಥವಾ ಹುಡುಕಿ ಹೋದವರೇ ಇರಲಿಲ್ಲವೋ ಎಂಬುದನ್ನು ಯಂತ್ರ ಹೇಳಲಾರದು. ಅದಕ್ಕೆ ಬರೆದದ್ದಷ್ಟೇ ಗೊತ್ತು. ಮೂಲಸ್ಥಳವನ್ನು ಬಲ್ಲ ಹಿರಿಯರು ಹಳ್ಳಿಗಳಲ್ಲಿ ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಅವರೊಡನೆ ‘ಎಲ್ಲಿ’ ಎಂಬುದೂ ಹೊರಟುಹೋದರೆ, ಮುಂದೆ ಯಾವ ಕಂಪ್ಯೂಟರೂ ಅದನ್ನು ಹಿಂದಕ್ಕೆ ತರಲಾರದು. ಹ್ಯಾಂಪ್‌ಸ್ಟೆಡ್ಡಿನ ವಿಧವೆಯ ಕಥೆ ತಿಳಿದದ್ದು ಕೇಳಿದ್ದರಿಂದ. ನಕ್ಷೆ ಬರೆಯುವವರು ಆ ಕೇಳುವ ಕೆಲಸವನ್ನು ಮೊದಲು ಮಾಡಬೇಕು.